ಮೇಲಿನವನೂ ಕೆಳಗಿನವನೂ ಆಡಿದ ವರ್ಷ

ಫೆಬ್ರವರಿ 9

ಕೆಳಗಿನವನಿಗೆ,

ಈ ಕಾಗದವನ್ನು ಒಡೆಯದೆ ಕಸದ ಬುಟ್ಟಿಗೆ ಹಾಕುವ ಆಸಾಮಿ ನೀನು ಎಂದು ನನಗೆ ಗೊತ್ತು. ಆದರೆ ನಿನ್ನ ಹೆಂಡತಿ ಎತ್ತಿಕೊಂಡು ಓದುತ್ತಾಳೆ, ಆಮೇಲೆ ಊಟಕ್ಕೆ ಕೂತಾಗ ಒಂದೊಂದೇ ಮಾತು ಬಡಿಸುತ್ತಾಳೆ. ಅಷ್ಟಾದರೆ ಸಾಕು. ವಿಚಾರಣೆ ಮುಗಿಯುವವರೆಗೆ ನಾವಿಬ್ಬರೂ ಫೋನಿನಲ್ಲಿ ಮಾತನಾಡಕೂಡದು ಎಂದು ಆಫೀಸಿನವರು ಹೇಳಿದ್ದಾರೆ. ಕಾಗದ ಬರೆಯಕೂಡದು ಎನ್ನುವುದು ಅವರಿಗೆ ಹೊಳೆದಿಲ್ಲ. ನನಗೂ ಕಾಗದವೇ ವಾಸಿ. ಫೋನಿನ ಮಾತು ಈ ಕಿವಿಯಲ್ಲಿ ಬಂದು ಆ ಕಿವಿಯಲ್ಲಿ ಹೋಗಿಬಿಡುತ್ತದೆ.

ಆಸ್ಪತ್ರೆಯಲ್ಲಿ ನಿನ್ನ ಬಲಗೈಯನ್ನು ಮಣಿಕಟ್ಟಿನ ಮೇಲಕ್ಕೆ ಕತ್ತರಿಸಿ ತೆಗೆದರು ಎಂದು ಕೇಳಿದೆ. ಅವತ್ತು ಊಟ ಬಿಟ್ಟು ಎದ್ದೆ. ಇದಕ್ಕಿಂತ ಹೆಚ್ಚು ಆ ವಿಷಯ ಬರೆಯಲು ನನ್ನಿಂದಾಗದು.

ಈಗ ಬಂದ ವಿಷಯ. ಇಪ್ಪತ್ತು ವರ್ಷ ನಾನು ಮೇಲೆ ಕ್ರೇನಿನ ಗೂಡಿನಲ್ಲಿ ಕೂತೆ, ನೀನು ಕೆಳಗೆ ನಿಂತು ಕೈಸನ್ನೆ ತೋರಿಸಿದೆ. ಯಾರ್ಡಿನವರು ನನ್ನನ್ನು ಮೇಲಿನವನು, ನಿನ್ನನ್ನು ಕೆಳಗಿನವನು ಎಂದು ಕರೆದು ಕರೆದು ನಮ್ಮ ಹೆಸರೇ ಅದಾಯಿತು. ಎತ್ತು ಎಂದರೆ ಎತ್ತಿದೆ, ಇಳಿಸು ಎಂದರೆ ಇಳಿಸಿದೆ. ಅವತ್ತೂ ಅಷ್ಟೇ. ಪೈಪುಗಳ ಕಟ್ಟು ಲಾರಿಯ ಮೇಲೆ ತೂಗುತ್ತಿತ್ತು. ನೀನು ಇಳಿಸು ಎಂದು ತೋರಿಸಿದೆ, ನಾನು ಇಳಿಸಿದೆ. ಆದರೆ ನೀನು ಬರೆದುಕೊಟ್ಟದ್ದೇ ಬೇರೆಯಂತೆ. ನಿಲ್ಲಿಸು ಎಂದು ತೋರಿಸಿಯೇ ಕಟ್ಟಿನ ಕೆಳಗೆ ಮರದ ತುಂಡು ಇಡಲು ಕೈ ಹಾಕಿದೆ ಎಂದಿದ್ದೀಯಂತೆ.

ಲೆಕ್ಕ ಸರಳವಾಗಿದೆ. ತಪ್ಪಿದ್ದು ನನ್ನ ತಲೆ, ಇಲ್ಲವೇ ನಿನ್ನ ಸನ್ನೆ. ನನ್ನ ತಲೆ ಸರಿಯಿದೆ ಎನ್ನುವುದಕ್ಕೆ ನಿನಗಿಂತ ದೊಡ್ಡ ಸಾಕ್ಷಿ ಬೇಕೆ? ನನ್ನಪ್ಪ ನನ್ನ ವಯಸ್ಸಿನಲ್ಲಿ ಬ್ಲೇಡು ತರಲು ಹೋದವರು ಸಂಜೆ ಯಾರದೋ ಮನೆಯ ಮೆಟ್ಟಿಲ ಮೇಲೆ ಕೂತಿದ್ದರು, ಅದು ತಮ್ಮ ಮನೆಯೇ ಎಂದು ವಾದಿಸುತ್ತಿದ್ದರು. ಆ ಮರೆವು ನನಗೂ ಬಂದೀತೆಂಬ ಹೆದರಿಕೆಯಿಂದಲ್ಲವೇ ನಾವು ಭಾನುವಾರದ ಆಟ ಶುರುಮಾಡಿದ್ದು? ಕಂಪನಿಯ ಡಾಕ್ಟರು ಸುಮ್ಮನೆ ಅನುಮಾನಪಟ್ಟರೂ ಕೆಳಗಿಳಿಸಿಬಿಡುತ್ತಾರೆ. ಅದಕ್ಕೆ ನೀನೇ ನನ್ನ ಡಾಕ್ಟರು ಎಂದೆ. ಮಣೆಯ ಮೇಲೆ ಕಾಯಿ ನಡೆಸುವ ಆ ದಾರಿ ಆಟದಲ್ಲಿ ನಾನು ನಿನಗೆ ಸತತವಾಗಿ ಸೋಲತೊಡಗಿದರೆ ನಾನಾಗಿಯೇ ಗೂಡಿನಿಂದ ಇಳಿಯುತ್ತೇನೆ ಎಂದು ಮಾತು ಕೊಟ್ಟೆ. ವರ್ಷವಿಡೀ ಆಡಿದೆವು. ಮೊದಲ ಕೆಲವು ವಾರ ಬಿಟ್ಟರೆ ನೀನು ಗೆದ್ದದ್ದುಂಟೇ?

ವಿಚಾರಣೆ ಜೂನ್‌ನಲ್ಲಿ. ಗಾಬರಿಯಲ್ಲಿ ಸನ್ನೆ ತಪ್ಪಿತು ಎಂದು ಒಪ್ಪಿಕೊಂಡರೆ ಕನಿಕರದಿಂದ ಸ್ವಲ್ಪವಾದರೂ ಪರಿಹಾರ ಕೊಡುತ್ತಾರೆ. ಹಟ ಹಿಡಿದರೆ ಕೈಯೂ ಹೋಯಿತು, ಹೆಸರೂ ಹೋಯಿತು. ನಿನ್ನ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ.

ಇಂತಿ,
ಮೇಲಿನವನು


ಮಾರ್ಚ್ 2

ಅಣ್ಣನವರಿಗೆ,

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಓದಲಾಗದಿದ್ದರೆ ಕನ್ನಡಕ ಒರೆಸಬೇಡಿ, ತಪ್ಪು ನಿಮ್ಮದಲ್ಲ.

ನಾನು ನಿಲ್ಲಿಸು ಎಂದು ತೋರಿಸಿದೆ. ನೀವು ಹಾರ್ನ್ ಹೊಡೆದು ಸರಿ ಎಂದಿರಿ. ಹಾರ್ನ್ ಕೇಳಿದ ಮೇಲೆ ಕೈ ಹಾಕಿದೆ. ಕಟ್ಟು ಇಳಿಯಿತು. ಜೂನ್‌ನಲ್ಲಿಯೂ ಇದನ್ನೇ ಹೇಳುತ್ತೇನೆ. ಕನಿಕರದ ಪರಿಹಾರ ನನಗೆ ಬೇಡ.

ಆಟದ ವಿಷಯ ಏನೂ ಬರೆಯುವುದಿಲ್ಲ.

ಇಂತಿ,
ಕೆಳಗಿನವನು

ಅಣ್ಣ, ಇದು ನಾನು, ಇವರ ಮನೆಯವಳು. ಇಷ್ಟು ಬರೆಯಲು ಇವರು ಎರಡು ದಿನ ಹೆಣಗಿದರು, ನಾನು ಬರೆದುಕೊಡುತ್ತೇನೆ ಎಂದರೂ ಬಿಡಲಿಲ್ಲ. ನಿಮ್ಮ ಕಾಗದವನ್ನು ಇವರು ಕಸಕ್ಕೆ ಹಾಕಲಿಲ್ಲ, ಹಾಕಿದ್ದರೆ ಚೆನ್ನಾಗಿತ್ತು. ಆಟದ ಮಾತು ಬಂದ ಜಾಗದಲ್ಲಿ ಓದುವುದನ್ನು ನಿಲ್ಲಿಸಿ ಚಪ್ಪಲಿಯೂ ಹಾಕಿಕೊಳ್ಳದೆ ಹೊರಗೆ ಹೋದರು. ಯಾಕೆಂದು ಕೇಳಿದರೆ ಹೇಳುವುದಿಲ್ಲ. ನಮ್ಮ ಮನೆಯಲ್ಲಿ ನೀವು ಉಂಡವರು, ನಿಮ್ಮನ್ನು ಏನೆಂದು ಬೈಯಲಿ.


ಮಾರ್ಚ್ 20

ಅಲ್ಲವೋ,

ನನ್ನನ್ನು ‘ನೀವು’ ಎಂದು ಬರೆದಿದ್ದೀಯ. ಮದುವೆಯ ಕರೆಯೋಲೆಯೇನೋ ಇದು? ನಮ್ಮಿಬ್ಬರ ನಡುವೆ ಈ ‘ನೀವು’ ಎಲ್ಲಿಂದ ಬಂತು? ಓದಿ ಬಹಳ ನೋವಾಯಿತು. ಬೈದು ಬರೆ, ತಡೆದುಕೊಳ್ಳುತ್ತೇನೆ.

ಮಗಳು ಬಂದಿದ್ದಾಳೆ. ಅವಳ ಬಟ್ಟೆ ಅಂಗಡಿಯ ಕೆಲಸಕ್ಕೆ ರಜೆ ಹಾಕಿ ಬಂದು ಕೂತಿದ್ದಾಳೆ. ಗ್ಯಾಸ್ ಆರಿಸದೆ ಹೊರಗೆ ಹೋಗಿದ್ದೆನಂತೆ, ಪಕ್ಕದ ಮನೆಯವರು ಊರಿಗೆಲ್ಲ ಸಾರಿ ಅವಳಿಗೂ ಫೋನ್ ಮಾಡಿದ್ದಾರೆ. ಗ್ಯಾಸ್ ಆರಿಸಲು ಯಾರು ಮರೆಯುವುದಿಲ್ಲ, ಹೇಳು. ನಿನ್ನ ಕೈಯನ್ನು ಮಣಿಕಟ್ಟಿನ ಮೇಲಕ್ಕೆ ತೆಗೆದರಂತೆ ಎಂದು ಅವಳೇ ಹೇಳಿದ್ದು. ನನಗೆ ಇದುವರೆಗೆ ಒಬ್ಬರೂ ಹೇಳಿರಲಿಲ್ಲ ನೋಡು. ಕೇಳಿ ಕೂತಲ್ಲೇ ಕೂತುಬಿಟ್ಟೆ.

ಅವಳು ಬಂದ ಮೇಲೆ ಆಟದ ಡಬ್ಬಿ ಮತ್ತೆ ಕೆಳಗಿಳಿದಿದೆ. ನೀನು ಬರೆಯದಿದ್ದರೆ ಬೇಡ, ನಾನು ಬರೆಯುತ್ತೇನೆ. ನಮ್ಮವಳು ತೀರಿಹೋದಮೇಲೆ ಭಾನುವಾರವೆಂದರೆ ಗೋಡೆ ನೋಡುವ ದಿನವಾಗಿತ್ತು ನನಗೆ. ಆ ಒಂದು ವರ್ಷ ಹಾಗಿರಲಿಲ್ಲ. ಮೊದಲ ದಿನ ಟಿವಿಯ ಲಾರಿ ರೇಸಿನ ಆಟದಲ್ಲಿ ನೀನು ಜಾಯ್‌ಸ್ಟಿಕ್ಕನ್ನು ತಲೆಕೆಳಗೆ ಹಿಡಿದು, ಲಾರಿ ಯಾಕೆ ಹಿಂದಕ್ಕೆ ಓಡುತ್ತಿದೆ ಎಂದು ಟಿವಿಗೇ ಬೈದೆ. ಪ್ರತಿ ತಿರುವಿನಲ್ಲೂ ನಿನ್ನ ಲಾರಿ ಕೆರೆಗೆ ಬೀಳುತ್ತಿತ್ತು. “ಅಣ್ಣ, ಈ ರಸ್ತೆ ಮಾಡಿದ ಕಂಟ್ರಾಕ್ಟರ್ ಯಾರು, ಅವನ ಹೆಸರು ಹೇಳು” ಎಂದೆ ನೀನು. ನಗು ತಡೆಯಲಾರದೆ ನನ್ನ ಬಾಯಲ್ಲಿದ್ದ ಟೀ ನಿನ್ನ ಅಂಗಿಯ ಮೇಲೆಯೇ ಬಿತ್ತು. ದಿನವಿಡೀ ಕ್ರೇನಿನ ಹಿಡಿಕೆ ಆಡಿಸುವವನ ಜೊತೆ ನಿನಗೆ ರೇಸು ಬೇರೆ.

ದಾರಿ ಆಟ ಮಾತ್ರ ಹುಡುಗಾಟವಲ್ಲ. ಎದುರಿನವನ ಮುಂದಿನ ನಡೆ ಏನೆಂದು ತಲೆಯಲ್ಲಿ ಇಟ್ಟುಕೊಂಡು, ಅವನ ದಾರಿಗೆ ಅಡ್ಡ ಹಾಕಿ, ನಮ್ಮ ಕಾಯಿಗಳನ್ನು ಈ ತುದಿಯಿಂದ ಆ ತುದಿಗೆ ಸೇರಿಸಬೇಕು. ಒಂದು ಕೆಂಪು ಕಾಯಿ ಕಳೆದುಹೋಗಿ ಅದರ ಬದಲು ನನ್ನ ಕೋಟಿನ ಗುಂಡಿ ಇಟ್ಟಿದ್ದೆವು. ಆ ಗುಂಡಿ ನಿನ್ನ ಪಾಲಿಗೆ ಬಂದರೆ ನಿನಗೆ ಶನಿ ಹಿಡಿಯಿತು ಎಂದು ನಾನು ಛೇಡಿಸುತ್ತಿದ್ದೆ.

ಆ ಆಟದಲ್ಲಿ ಮಗಳು ನನ್ನನ್ನು ಸೋಲಿಸಿದಳು. ಒಂದು ಸಲವಲ್ಲ, ಆಡಿದಷ್ಟು ಸಲ. ಬೆಳಕು ಸರಿಯಿರಲಿಲ್ಲ, ಅವಳು ನಡುನಡುವೆ ಮಾತನಾಡುತ್ತಾಳೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎನ್ನುತ್ತೀಯ, ಅನ್ನು. ಲಾರಿ ರೇಸಿನಲ್ಲಿ ಮಾತ್ರ ಅವಳನ್ನು ಕೆರೆಗೆ ತಳ್ಳಿದೆ.

ಒಂದು ಮಾತು ಕೇಳುತ್ತೇನೆ. ಅವಳೇನು ದೊಡ್ಡ ಆಟಗಾರ್ತಿಯಲ್ಲ. ನೀನು ಅವಳಿಗಿಂತ ಬುದ್ಧಿವಂತ. ಹಾಗಾದರೆ ನಾನು ನಿನ್ನನ್ನು ವಾರ ವಾರವೂ ಸೋಲಿಸುತ್ತಿದ್ದದ್ದು ಹೇಗೆ?

ಬೇಗ ಬರೆ.

ನಿನ್ನ,
ಮೇಲಿನವನು


ಏಪ್ರಿಲ್ 11

ಅಣ್ಣ,

‘ನೀನು’ ಎಂದೇ ಬರೆಯುತ್ತಿದ್ದೇನೆ, ಸಮಾಧಾನವಾಯಿತೇ?

ನೀನು ಚೆನ್ನಾಗಿ ಆಡುತ್ತಿದ್ದೆ. ನನಗೆ ದಾರಿ ಆಟ ತಲೆಗೆ ಹತ್ತುವುದಿಲ್ಲ. ಅದರಲ್ಲಿ ಹುಡುಕುವಂಥದ್ದು ಏನೂ ಇಲ್ಲ. ಮಗಳು ಹರೆಯದವಳು, ಅವಳ ಜೊತೆ ನಿನ್ನನ್ನು ಹೋಲಿಸಿಕೊಳ್ಳಬೇಡ.

ಇಲ್ಲಿ ನಾವು ಇವಳ ತವರಿನ ಹಿಂಭಾಗದ ಕೋಣೆಯಲ್ಲಿ ಇದ್ದೇವೆ. ಅಂಗಿಯ ಗುಂಡಿ ಹಾಕಿಕೊಳ್ಳಲು ಕಲಿತೆ, ಬೂಟಿನ ದಾರ ಕಟ್ಟುವುದು ಇನ್ನೂ ಬಂದಿಲ್ಲ. ಇಲ್ಲದ ಕೈಯ ಹೆಬ್ಬೆರಳು ತುರಿಸುತ್ತದೆ. ಇವಳಿಗೆ ಹೇಳಿದರೆ ಅಳುತ್ತಾಳೆ, ಆದ್ದರಿಂದ ನಿನಗೆ ಹೇಳಿದೆ. ಮನೆಯ ಮುಂದೆ ಯಾರೋ ಲಾರಿ ಹಿಂದಕ್ಕೆ ತೆಗೆಯುತ್ತಿದ್ದರು. ಅಭ್ಯಾಸಬಲ, ಎದ್ದು ಬಲಗೈ ಎತ್ತಿದೆ. ಡ್ರೈವರು ತೋಳನ್ನು ನೋಡಿ ಮುಖ ತಿರುಗಿಸಿಕೊಂಡ.

ವಕೀಲರ ಬಳಿ ಹೋಗಿದ್ದೆ. “ಮೇಲಿದ್ದವರ ತಲೆ ಸರಿಯಿರಲಿಲ್ಲ ಅಂತ ತೋರಿಸೋಕೆ ಏನಾದ್ರೂ ಇದ್ರೆ ಕೇಸು ನಿಮ್ದೇ. ನಿಮಗೆ ಯಾವತ್ತಾದ್ರೂ ಹಾಗೆ ಅನ್ನಿಸಿತ್ತಾ?” ಎಂದು ಕೇಳಿದರು. ಇಲ್ಲ ಎಂದೆ. ಇವಳು ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಬಿಟ್ಟು ಮುಂದೆ ಹೋಗಿ ಕೂತಳು.

ಒಂದು ಸಲ ಡಾಕ್ಟರಿಗೆ ತೋರಿಸು, ಅಣ್ಣ. ಕಂಪನಿಯವರಿಗಲ್ಲ, ಹೊರಗಿನವರಿಗೆ. ಬಿ.ಪಿ. ನೋಡಿಸಿಕೊಳ್ಳುವ ನೆಪದಲ್ಲಾದರೂ ಹೋಗು.

ಇಂತಿ,
ಕೆಳಗಿನವನು


ಮೇ 3

ಏ ಕೆಳಗಿನವನೇ,

ನಿನ್ನೆ ಮಗಳು ನನಗೆ ಸೋತಳು.

ನನಗೆ ಎಷ್ಟು ಖುಷಿಯಾಯಿತು ಎಂದರೆ, ನಿನಗೆ ಆಗಲೇ ಕಾಗದ ಬರೆಯಬೇಕೆಂದು ಪೆನ್ನು ಹುಡುಕಿದೆ. ಆಮೇಲೆ ಕೈ ನಿಂತಿತು. ಅವಳು ಕೊನೆಯ ನಡೆ ಹೇಗೆ ಆಡಿದಳು ಎಂದು ಮತ್ತೆ ಕಣ್ಣಿಗೆ ಬಂತು. ಕಾಯಿ ಹಿಡಿದ ಕೈ ಗೆಲ್ಲುವ ಮನೆಯ ಮೇಲೆ ಹೋಗಿ ನಿಂತಿತು. ಅವಳು ಒಂದು ಗಳಿಗೆ ನನ್ನ ಮುಖ ನೋಡಿದಳು. ಕೈ ಅಲ್ಲಿಂದ ಸರಿದು ಪಕ್ಕದಲ್ಲೆಲ್ಲೋ ಕಾಯಿ ಇಟ್ಟಿತು. “ಅಯ್ಯೋ, ನೋಡ್ಲೇ ಇಲ್ಲ ಅಪ್ಪ” ಎಂದಳು.

ಹಾಗೆ ಸರಿಯುವ ಕೈಯನ್ನು ನಾನು ಮೊದಲೂ ನೋಡಿದ್ದೆ. ಬೆಳಿಗ್ಗೆ ಏನು ತಿಂದೆ ಎಂದು ಈಗ ನನಗೆ ಮಧ್ಯಾಹ್ನ ನೆನಪಿರುವುದಿಲ್ಲ, ಒಪ್ಪಿದೆ. ಕೈಗಳನ್ನು ಮಾತ್ರ ಮರೆತಿಲ್ಲ. ಇಪ್ಪತ್ತು ವರ್ಷ ನಾನು ನೋಡಿದ್ದು ನಿನ್ನ ಮುಖವನ್ನಲ್ಲ. ಅಷ್ಟು ಎತ್ತರದಿಂದ ಮುಖ ಎಲ್ಲಿ ಕಾಣುತ್ತದೆ, ಹೆಲ್ಮೆಟ್ಟು ಕಾಣುತ್ತದೆ, ಕೈ ಕಾಣುತ್ತದೆ. ಮಂಜಿನಲ್ಲಿ, ಧೂಳಿನಲ್ಲಿ, ನಿನಗೆ ಜ್ವರ ಬಂದಿದ್ದಾಗ ಕೂಡ ಯಾರ್ಡಿನಲ್ಲಿ ಆ ಕೈ ತಡವರಿಸಿದ್ದಿಲ್ಲ. ತಡವರಿಸಿದ್ದು ನನ್ನ ಮನೆಯ ಮೇಜಿನ ಮೇಲೆ. ಭಾನುವಾರ ಭಾನುವಾರ, ಗೆಲ್ಲುವ ಮನೆಯ ಮೇಲೆ ಬಂದು ನಿಂತು, ಪಕ್ಕಕ್ಕೆ ಸರಿದು. ನಾನು ಮೂರ್ಖ, ನೀನು ಯೋಚನೆ ಮಾಡುತ್ತಿದ್ದೀಯ ಎಂದುಕೊಂಡೆ.

ಕೆಳಗೆ ನಿಂತು ಒಂದು ದಿನವೂ ತಪ್ಪು ಸನ್ನೆ ಕೊಟ್ಟವನಲ್ಲ ನೀನು. ಮೇಜಿನ ಮೇಲೆ ವರ್ಷವಿಡೀ ಕೊಟ್ಟೆ.

ಈಗ ನಾನೂ ನಿಜ ಹೇಳುತ್ತೇನೆ. ಅವತ್ತು ನೀನು ಏನು ತೋರಿಸಿದೆ ಎಂಬುದು ನನಗೆ ಗೊತ್ತಿಲ್ಲ. ಇವತ್ತು ಮರೆತದ್ದಲ್ಲ, ಅವತ್ತೇ ಗೊತ್ತಿರಲಿಲ್ಲ. ಕೆಳಗಿನಿಂದ ಕೂಗು ಕೇಳಿಸಿದಾಗ ನನ್ನ ಕೈ ಹಿಡಿಕೆಯ ಮೇಲಿತ್ತು, ಅಷ್ಟೇ. ಹಾರ್ನ್ ಹೊಡೆದೆನೋ ಇಲ್ಲವೋ, ಅದೂ ಗೊತ್ತಿಲ್ಲ. ಇಳಿಸು ಎಂದು ತೋರಿಸಿದ ಎಂದು ನಾನು ಬರೆದುಕೊಟ್ಟದ್ದು ನೋಡಿದ್ದಲ್ಲ, ಲೆಕ್ಕ ಹಾಕಿದ್ದು. ನನ್ನ ತಲೆ ಸರಿಯಿದೆ, ಭಾನುವಾರವಷ್ಟೇ ಗೆದ್ದಿದ್ದೇನೆ, ಹಾಗಾದರೆ ಇವನ ಸನ್ನೆಯೇ ತಪ್ಪಿರಬೇಕು. ಹೀಗೆ ಲೆಕ್ಕ ಹಾಕಿ ಸಹಿ ಹಾಕಿದೆ. ಆ ಲೆಕ್ಕದ ಮೊದಲ ಸಾಲೇ ಸುಳ್ಳಾಗಿತ್ತಲ್ಲೋ.

ಯಾಕೆ ಹೀಗೆ ಮಾಡಿದೆ? ನಿನ್ನನ್ನು ನಾನು ಕೇಳಿದ್ದು ಒಂದೇ ಒಂದು ಉಪಕಾರ. ನನ್ನ ಮೇಲೆ ಕನಿಕರ ಪಡು ಎಂದು ಕೇಳಿರಲಿಲ್ಲ. ನಿನ್ನ ಕೈ ತಿಂದವನು ನಾನು, ನಿನ್ನ ಮೇಲೆ ಸಿಟ್ಟು ಮಾಡುವ ಹಕ್ಕು ನನಗಿಲ್ಲ, ಆದರೂ ಸಿಟ್ಟು ಬರುತ್ತಿದೆ. ಇಡೀ ದಿನ ಮನೆಯಲ್ಲಿ ಓಡಾಡುತ್ತಾ ನಿನ್ನನ್ನು ಬೈದೆ. ಮಗಳು ಬಾಗಿಲ ಹಿಂದೆ ನಿಂತು ಕೇಳುತ್ತಿದ್ದಳು.

ಮೇಲಿನವನು


ಮೇ 15

ಅಣ್ಣ,

ದಾರಿ ಆಟದಲ್ಲಿ ಮೊದಲ ಸಲ ಸೋತಾಗ ನೀನು ನಕ್ಕೆ. ಎರಡನೆಯ ಸಲ ಡಬ್ಬಿ ಮುಚ್ಚಿ, ನಡಿ ಊಟಕ್ಕೆ ಎಂದೆ. ಮೂರನೆಯ ಸಲ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡೆ. ಬಕೆಟ್ಟು ತುಂಬಿ ಹರಿಯುತ್ತಿತ್ತು, ಆ ಸದ್ದಿನ ಹಿಂದೆ ನೀನು ಅಳುತ್ತಿದ್ದದ್ದು ನನಗೆ ಕೇಳಿಸಿತು. ಅತ್ತಿಗೆ ತೀರಿಕೊಂಡಾಗಲೂ ನೀನು ಅಷ್ಟು ಅತ್ತಿರಲಿಲ್ಲ. ಹೊರಗೆ ಬಂದು, “ನಮ್ಮಪ್ಪನ ಹಾಗೆ ಯಾರದೋ ಮನೆ ಮೆಟ್ಟಿಲ ಮೇಲೆ ಕೂರ್ತೀನಿ ಕಣೋ ನಾನೂ” ಎಂದೆ.

ಮುಂದಿನ ಭಾನುವಾರ ಗೆಲ್ಲುವ ಮನೆ ನನ್ನ ಕೈಕೆಳಗೇ ಇತ್ತು. ಪಕ್ಕಕ್ಕೆ ಇಟ್ಟೆ. ನೀನು ಎದ್ದು ನಿಂತು ಚಪ್ಪಾಳೆ ತಟ್ಟಿದೆ, ನನಗೆ ಆಮ್ಲೆಟ್ ಮಾಡಿಕೊಟ್ಟೆ. ಇದೊಂದು ಸಲ, ಮುಂದಿನ ವಾರ ಹೇಳಿಬಿಡೋಣ ಎಂದುಕೊಂಡೆ. ಮುಂದಿನ ವಾರವೂ ಹಾಗೇ ಎಂದುಕೊಂಡೆ. ಆಮೇಲೆ ನಾಲಗೆ ಏಳಲಿಲ್ಲ.

ಕನಿಕರ ಮಾತ್ರವಲ್ಲ. ನಿನ್ನ ಜಾಗಕ್ಕೆ ಇನ್ನೊಬ್ಬ ಬಂದರೆ ಎಂಬ ಭಯ ನನಗೂ ಇತ್ತು. ನಿನ್ನ ಕೆಳಗೆ ನಿಂತು ನಿಂತು ನನಗೆ ಬೇರೆಯವರ ಕೆಳಗೆ ನಿಲ್ಲುವ ಧೈರ್ಯವೇ ಹೋಗಿತ್ತು. ನಾನಿದ್ದೇನಲ್ಲ, ಸನ್ನೆ ನಿಧಾನ ಮಾಡಿದರೆ, ಒಂದೊಂದನ್ನೂ ಎರಡು ಸಲ ತೋರಿಸಿದರೆ, ಹಾರ್ನ್ ಕೇಳದೆ ಕೈ ಹಾಕದಿದ್ದರೆ ಇವನ ನಿವೃತ್ತಿಯವರೆಗೆ ದೂಡಬಹುದು ಎಂದು ಲೆಕ್ಕ ಹಾಕಿದೆ. ನೀನೊಬ್ಬನೇ ತಪ್ಪು ಲೆಕ್ಕ ಹಾಕಿದ್ದಲ್ಲ. ಅವತ್ತು ನೀನು ಹಾರ್ನ್ ಹೊಡೆದೆ, ಅಣ್ಣ. ಹೊಡೆದು, ನಾನು ಬಗ್ಗುವಷ್ಟರಲ್ಲಿ ಅದನ್ನು ಮರೆತೆ.

ಲಾರಿ ರೇಸಿನಲ್ಲಿ ನೀನು ಗೆದ್ದದ್ದೆಲ್ಲ ನಿಜ. ಅದರಲ್ಲಿ ನಾನು ಪ್ರಾಣ ಬಿಟ್ಟು ಆಡುತ್ತಿದ್ದೆ. ಆ ಕೆರೆಗೆ ನಾನಾಗಿ ಬಿದ್ದದ್ದಲ್ಲ.

ಜೂನ್‌ನಲ್ಲಿ ಎಲ್ಲ ಹೇಳಿಬಿಡುತ್ತೇನೆ. ನನಗೆ ಗೊತ್ತಿತ್ತು, ಮುಚ್ಚಿಟ್ಟೆ ಎನ್ನುತ್ತೇನೆ. ಗೊತ್ತಿದ್ದೂ ಸುಮ್ಮನಿದ್ದವನಿಗೆ ಪರಿಹಾರವಿಲ್ಲ, ಕೆಲಸವೂ ಇಲ್ಲ ಎಂದು ನಿಯಮವಿದೆಯಂತೆ. ಇರಲಿ. ಮಾಡಿದ್ದುಣ್ಣೋ ಮಹಾರಾಯ. ಇವಳಿಗೆ ಇನ್ನೂ ಹೇಳಿಲ್ಲ.

ಕೆಳಗಿನವನು


ಜೂನ್ 4

ಕೆಳಗಿನವನಿಗೆ,

ಈ ಕಾಗದವನ್ನು ಒಂದೇ ದಿನ ಕೂತು ಬರೆದು ಮುಗಿಸುತ್ತಿದ್ದೇನೆ, ನಾಳೆಗೆ ಇಟ್ಟರೆ ಏನು ಬರೆಯಬೇಕೆಂದಿದ್ದೆ ಎಂಬುದೇ ಹೋಗುತ್ತದೆ. ಮಗಳು ಪಕ್ಕದಲ್ಲೇ ಇದ್ದಾಳೆ, ಸಾಲು ತಪ್ಪಿದರೆ ತೋರಿಸುತ್ತಾಳೆ.

ಹೊರಗಿನ ಡಾಕ್ಟರ ಹತ್ತಿರ ಹೋಗಿಬಂದೆ. ಮರೆವು ಅಳೆಯಲು ಗಡಿಯಾರದ ಚಿತ್ರ ಬರೆಯಿರಿ ಎಂದರು. ಬರೆದೆ. ಚೆನ್ನಾಗಿಯೇ ಬರೆದೆ ಎಂದುಕೊಂಡೆ. ಮಗಳು ಅದನ್ನು ನೋಡಿ ಕಿಟಕಿಯ ಕಡೆ ತಿರುಗಿದಳು. ನಮ್ಮಪ್ಪನದೇ ರೋಗ. ಶುರುವಾಗಿ ವರ್ಷದ ಮೇಲಾಗಿರಬೇಕಂತೆ. ಸರ್ಟಿಫಿಕೇಟ್ ಕೊಟ್ಟಿದ್ದಾರೆ.

ವಿಚಾರಣೆಯಲ್ಲಿ ನಾನು ಹೇಳುವುದು ಇಷ್ಟು. ನನಗೆ ಮರೆವು ಇತ್ತು. ನನಗದು ಗೊತ್ತಿತ್ತು. ಕೆಲಸದ ಆಸೆಗೆ ಎಲ್ಲರಿಂದಲೂ ಮುಚ್ಚಿಟ್ಟೆ, ಕೆಳಗೆ ನಿಂತಿದ್ದವನಿಂದಲೂ ಮುಚ್ಚಿಟ್ಟೆ. ಅವನು ತೋರಿಸಿದ್ದು ನಿಲ್ಲಿಸು ಎಂದು. ತಪ್ಪು ಪೂರ್ತಿ ನನ್ನದು. ಭಾನುವಾರದ ಆಟದ ಮಾತು ಬರುವುದೇ ಇಲ್ಲ. ಅಂಥ ಆಟವನ್ನು ನಾವು ಆಡಿಯೇ ಇಲ್ಲ.

ನೀನು ಬಾಯಿ ಬಿಡಕೂಡದು. ನಿವೃತ್ತಿಗೆ ಸಿಗಬೇಕಾದದ್ದು ನನಗೆ ಸಿಗುವುದಿಲ್ಲ, ಗೊತ್ತು. ಇನ್ನೊಂದು ವರ್ಷಕ್ಕೆ ಅದು ಸಿಕ್ಕಿತೋ ಇಲ್ಲವೋ ಎಂದೇ ನನಗೆ ತಿಳಿಯುವುದಿಲ್ಲವಂತೆ, ಇನ್ನೇನು ಚಿಂತೆ? ನಿನ್ನ ಹೆಂಡತಿಗೆ ತಿಳಿಯುತ್ತದೆ. ನೀನು ಹೆಸರು ಕೆಡಿಸಿಕೊಂಡು, ಕೈಯಿಲ್ಲದೆ, ಕಾಸಿಲ್ಲದೆ ಆ ಹಿಂಭಾಗದ ಕೋಣೆಯಲ್ಲಿ ಬಿದ್ದಿರುವುದು ಅವಳಿಗೆ ದಿನವೂ ಕಾಣುತ್ತದೆ.

ಈ ಸಲ ನಾನು ಸೋಲುತ್ತೇನೆ, ಬೇಕೆಂದೇ. ನೀನು ಗೆದ್ದವನ ಮುಖ ಇಟ್ಟುಕೊಂಡು ಕೂರು. ಕಷ್ಟ ನನಗೆ ಗೊತ್ತು. ನಾನು ವರ್ಷವಿಡೀ ಗೆದ್ದವನ ಮುಖ ಇಟ್ಟುಕೊಂಡು ಓಡಾಡಲಿಲ್ಲವೇ?

ನಿನ್ನ ಮೇಲಿನ ಸಿಟ್ಟು ಇಳಿದಿಲ್ಲ. ಅದೂ ಮರೆತುಹೋಗುತ್ತದೆ, ಕಾಯಬೇಕು.

ನಿನ್ನ,
ಮೇಲಿನವನು


ಜುಲೈ 19

ಅಣ್ಣ,

ಆದೇಶ ಬಂತು. ಸನ್ನೆ ಸರಿಯಿತ್ತು, ತಪ್ಪು ಕ್ರೇನಿನವರದು ಎಂದು ಬರೆದಿದ್ದಾರೆ. ಪೂರ್ತಿ ಪರಿಹಾರ, ಯಾರ್ಡಿನ ಗೇಟಿನಲ್ಲಿ ಕೂತು ಮಾಡುವ ಕೆಲಸ. ಇವಳು ಬಾಗಿಲಲ್ಲೇ ಕೂತು ಅತ್ತಳು, ಆಮೇಲೆ ಎದ್ದು ನೀನಿರುವ ದಿಕ್ಕಿಗೆ ಕೈ ಮುಗಿದಳು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ವಿಚಾರಣೆಯ ದಿನ ನೀನು ಮಾತನಾಡುವಾಗ ನಾನು ಹಿಂದಿನ ಬೆಂಚಿನಲ್ಲಿದ್ದೆ. ನೀನು ಮಧ್ಯದಲ್ಲಿ ನಿಲ್ಲಿಸಿ, ಮುಂದಿನ ಮಾತು ಸಿಗದೆ ಮೇಜಿನ ಅಂಚು ಹಿಡಿದುಕೊಂಡೆ. ಅಧಿಕಾರಿ, “ಇವರು ನಿಮ್ಮ ಜೊತೆ ದಿನಾ ಕೆಲಸ ಮಾಡ್ತಿದ್ದವರು, ಇವರಿಗೆ ಗೊತ್ತಾಗಲೇ ಇಲ್ವಾ?” ಎಂದು ಕೇಳಿದರು. ನೀನು ನನ್ನ ಕಡೆ ತಿರುಗಿಯೂ ನೋಡದೆ ಇಲ್ಲ ಎಂದೆ. ನಾನು ಎದ್ದು ನಿಲ್ಲಬೇಕಿತ್ತು. ಎರಡು ಸಲ ಅರ್ಧ ಎದ್ದೆ, ಇವಳ ಮುಖ ನೋಡಿ ಕೂತೆ.

ನನಗೆ ಬಿಟ್ಟುಕೊಡಲು ನೀನು ಯಾರೋ ಎಂದು ನಿನ್ನ ಹಾಗೆಯೇ ನಾನೂ ಬೈಯುತ್ತಿದ್ದೇನೆ ಈಗ. ಬಿಟ್ಟುಕೊಟ್ಟದ್ದನ್ನು ತೆಗೆದುಕೊಂಡು ಬದುಕುವುದು ಹೇಗಿರುತ್ತದೆ ಎಂದು ಗೊತ್ತಾಯಿತು, ಅಣ್ಣ. ಗೊತ್ತಾಗಬೇಕಿತ್ತು.

ಗೇಟಿನ ಕೆಲಸಕ್ಕೆ ಆಗಸ್ಟ್ ಕೊನೆಯಲ್ಲಿ ಸೇರಬೇಕು. ಊರಿಗೆ ಬಂದ ಮೊದಲ ಭಾನುವಾರ ನಿನ್ನ ಮನೆಗೆ ಬರುತ್ತೇನೆ. ಲಾರಿ ರೇಸು ಒಂದು ಕೈಯಲ್ಲಿ ಆಗದು. ದಾರಿ ಆಟ ಆಡೋಣ. ಈ ಸಲ ನಿಜವಾಗಿ ಆಡುತ್ತೇನೆ, ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತರೂ ಬಿಡುವುದಿಲ್ಲ.

ಎರಡು ಸಾಲಾದರೂ ಉತ್ತರ ಬರೆ.

ನಿನ್ನ,
ಕೆಳಗಿನವನು


ಸೆಪ್ಟೆಂಬರ್ 8

ಮಗಳೇ,

ಭಾನುವಾರ ನಿಮ್ಮ ಮನೆಗೆ ಬಂದಾಗ, ನೀನು ಹಾಲು ತಂದು ಟೀ ಮಾಡುವಷ್ಟರಲ್ಲಿ ನಾನು ಎದ್ದು ಹೊರಟುಬಿಟ್ಟೆ. “ಅಪ್ಪ ಏನಾದ್ರೂ ಅಂದ್ರಾ, ಚಿಕ್ಕಪ್ಪ?” ಎಂದು ನೀನು ಸಂಜೆ ಫೋನಿನಲ್ಲಿ ಕೇಳಿದೆ. ಆಮೇಲೆ ಹೇಳುತ್ತೇನೆ ಎಂದು ಫೋನ್ ಇಟ್ಟುಬಿಟ್ಟೆ. ಆದ್ದರಿಂದ ಬರೆಯುತ್ತಿದ್ದೇನೆ. ಅಪ್ಪನಿಗೆ ಓದಿ ಹೇಳಬೇಡ.

ನೀನು ಮೆಟ್ಟಿಲಿಳಿದ ಮೇಲೆ ಅಣ್ಣ ತಾವೇ ಡಬ್ಬಿ ತೆಗೆದು ಮಣೆ ಹಾಸಿದರು. ಕಾಯಿ ಜೋಡಿಸುವುದು ಕೈಗೆ ಇನ್ನೂ ಗೊತ್ತಿದೆ. ನನ್ನನ್ನು ‘ಸಾರ್’ ಎಂದು ಕರೆದರು. ಗುರುತು ಸಿಗದಿದ್ದರೆ ತಿದ್ದಬೇಡಿ ಎಂದು ನೀನು ಮೊದಲೇ ಹೇಳಿದ್ದರಿಂದ ನಾನು ತಿದ್ದಲಿಲ್ಲ. ನಾನು ಆಡಿದೆ, ಬರೆದಿದ್ದ ಹಾಗೆ ನಿಜವಾಗಿಯೇ ಆಡಿದೆ, ಗೆದ್ದೆ. ಬೇಗ ಗೆದ್ದೆ. ಅವರಿಗೆ ಬೇಸರವಾಗಲಿಲ್ಲ. “ಚೆನ್ನಾಗಿ ಆಡ್ತೀರಿ ಸಾರ್” ಎಂದು ಕಾಯಿಗಳನ್ನು ಮತ್ತೆ ಜೋಡಿಸಿದರು.

ಜೋಡಿಸುತ್ತಾ ನನ್ನ ತೋಳು ನೋಡಿದರು. “ಕೈಗೆ ಏನಾಯ್ತು?” ಎಂದರು. ಕ್ರೇನಿನ ಕೆಲಸದಲ್ಲಿ ಹೋಯಿತು ಎಂದೆ. ಅವರಿಗೆ ಬಹಳ ಸಿಟ್ಟು ಬಂತು. “ಯಾವನು ಸಾರ್ ಮೇಲೆ ಕೂತಿದ್ದೋನು? ಕಣ್ಣಿರಲಿಲ್ವಾ ಅವನಿಗೆ?” ಎಂದರು. ನಮ್ಮಣ್ಣನೇ, ಒಳ್ಳೆಯವನು, ತಲೆಗೆ ಸ್ವಲ್ಪ ಮರೆವು ಬಂದಿತ್ತು ಎಂದೆ.

ಅವರು ಕೈಯಲ್ಲಿದ್ದ ಕಾಯಿಯನ್ನು ಮಣೆಯ ಮೇಲಿಟ್ಟರು. ಆಮೇಲೆ, “ಪಾಪ, ಅವನಿಗೇನು ಗೊತ್ತಾಗುತ್ತೆ. ಯಾರಾದ್ರೂ ಹೇಳ್ಬೇಕಿತ್ತು ಅವನಿಗೆ” ಎಂದರು.

ಹೇಳಬೇಕಿತ್ತು ಎಂದೆ.

“ನಮ್ಮ ಯಾರ್ಡಲ್ಲಿ ಒಬ್ಬ ಇದ್ದಾನೆ ಸಾರ್, ಕೆಳಗಿನವನು ಅಂತ. ಆಟ ಒಂದು ಬರಲ್ಲ ಅವನಿಗೆ, ಯಾವಾಗ್ಲೂ ಸೋಲ್ತಾನೆ. ಆದ್ರೆ ಅವನಾಗಿದ್ರೆ ಹೇಳಿಬಿಡ್ತಿದ್ದ” ಎಂದರು.

ಇಂತಿ,
ನಿನ್ನ ಚಿಕ್ಕಪ್ಪ